ಬಾಗಿಲಿಗೆ ಮುಖ ಮಾಡಿದ ಕೋವಿ

ಲಿಕ್ ಫೋರ್ಕ್, ವೆಸ್ಟ್ ವರ್ಜೀನಿಯಾ
ಆಗಸ್ಟ್ 20, 2006

ಪ್ರೀತಿಯ ಡೆಲ್ಮಸ್,

ನಿನಗೆ ಫೋನು ಮಾಡಿ ಪ್ರಯೋಜನವಿಲ್ಲ. ಹೋದ ಸಲ ನಾನು "ಟೊಮೇಟೊ ಎಲ್ಲಾ ಡಬ್ಬೀಗೆ ಹಾಕ್ದೆ" ಅಂದರೆ ನೀನು "ಅಯ್ಯೋ, ಯಾರನ್ನ ಗುಂಡೀಗೆ ಹಾಕಿದ್ರಿ?" ಅಂದೆ. ಟೈರ್ ಕಾರ್ಖಾನೆಯ ಗದ್ದಲ ನಿನ್ನ ಕಿವಿಯನ್ನು ನುಂಗಿ ನೀರು ಕುಡಿದಿದೆ. ನಮ್ಮಿಬ್ಬರಿಗೆ ಕಾಗದವೇ ಸರಿ.

ಒಂದು ಮಾತು ಕೇಳಬೇಕು, ನಗಬೇಡ. ನಾನು ಬಂದೂಕು ಕೊಳ್ಳಬೇಕೆಂದಿದ್ದೇನೆ. ಒಂದಲ್ಲ, ಎರಡು. ಮನೆ ಕಾಯುವುದಕ್ಕೆ ಸಣ್ಣ ಚರೆಗಳನ್ನು ಚೆಲ್ಲುವ ಒಂದು ಚರೆಕೋವಿ, ಜಿಂಕೆ ಹೊಡೆಯುವುದಕ್ಕೆ ಒಂದು ರೈಫಲ್. ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಬಡಿಸಿ ಬರುವ ಹೆಂಗಸಿನ ಕೈಗೆಟುಕುವಂಥದ್ದು ಇರಬೇಕು. ಹೊಸದೇ ಆಗಬೇಕೆಂದಿಲ್ಲ.

ಹೋಬರ್ಟನ ಬಂದೂಕುಗಳು ಏನಾದವು ಎಂದು ಕೇಳುತ್ತೀ. ಗಂಡ ತೀರಿಕೊಂಡ ಮೇಲೆ ಅವನ್ನು ಮಾರಿಬಿಟ್ಟೆ. ಕಂಡಾಗಲೆಲ್ಲ ಸಂಕಟವಾಗುತ್ತಿತ್ತು.

ಇಲ್ಲಿ ಕಳ್ಳರ ಕಾಟ ಹೆಚ್ಚಾಗಿದೆ. ಹೋದ ವಾರ ನಮ್ಮ ಕೊಟ್ಟಿಗೆಯಿಂದ ಮೋಟಾರು ಗರಗಸ ಹೋಯಿತು. ಅದರ ಹಿಂದೆಯೇ ಬಾವಿಯ ಪಂಪೂ ಹೋಯಿತು. ಕೆಳಮನೆಯ ಓಲೀಟಾ ಮುದುಕಿಯ ತಾಮ್ರದ ಕೊಳವೆಗಳನ್ನು ಬಿಚ್ಚಿಕೊಂಡು ಹೋಗಿದ್ದಾರೆ. ಶೆರಿಫನ ಆಳು ಊರಿಂದ ಇಲ್ಲಿಗೆ ಬರುವಷ್ಟರಲ್ಲಿ ಒಂದು ರೊಟ್ಟಿ ಬೇಯಿಸಿ, ತಿಂದು, ಪಾತ್ರೆ ತೊಳೆದಿಡಬಹುದು.

ನನಗೆ ಭಯವೇನಿಲ್ಲ. ಸುಸ್ತು ಅಷ್ಟೇ. ಮಗನೂ ಮನೆಯಲ್ಲಿಲ್ಲ, ವೆಂಡೆಲ್ ಕೆಲಸ ಹುಡುಕಿಕೊಂಡು ಹೋಗಿದ್ದಾನೆ. ಚೆನ್ನಾಗಿದ್ದಾನೆ.

ಯಾವುದು ತೆಗೆದುಕೊಳ್ಳಲಿ, ಬರೆ.

ನಿನ್ನ ತಂಗಿ,
ರೀವಾ


ಏಕ್ರನ್, ಒಹಾಯೊ
ಆಗಸ್ಟ್ 30, 2006

ಪ್ರೀತಿಯ ರೀವಾ,

ನಕ್ಕೆ. ಕ್ಷಮಿಸು. ಅಪ್ಪ ಅಳಿಲು ಹೊಡೆಯಲು ಹೊರಟರೆ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ತೂರಿಕೊಳ್ಳುತ್ತಿದ್ದ ಹುಡುಗಿ ನೀನು.

ಈಗ ಕೇಳು. ಮನೆಯೊಳಗಿನ ಕೆಲಸಕ್ಕೂ ಕಾಡಿನ ಕೆಲಸಕ್ಕೂ ಒಂದೇ ಬಂದೂಕು ಸಾಕು ಎಂದು ಯಾರಾದರೂ ಅಂದರೆ ನಂಬಬೇಡ. ರೈಫಲಿನ ಗುಂಡು ನಿನ್ನ ಅಡುಗೆಮನೆಯ ಗೋಡೆ ತೂರಿ, ಅಂಗಳ ದಾಟಿ, ಓಲೀಟಾಳ ಕೋಳಿಗೂಡನ್ನು ವಿಚಾರಿಸಿಕೊಂಡೀತು. ಹಾಗಾಗಿ ಮನೆಗೆ ಚರೆಕೋವಿಯೇ. ಮುಂದಿನ ಹಿಡಿಯನ್ನು ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದರೆ ತೋಟಾ ಒಳಹೋಗುತ್ತದಲ್ಲ, ಆ ಬಗೆಯದು, ಪಂಪು ಕೋವಿ. ಕೆಡುವುದು ಕಡಿಮೆ, ಹಳೆಯದು ಎಲ್ಲೆಡೆ ಸಿಗುತ್ತದೆ. ಗಂಡಸರು ಹನ್ನೆರಡನೇ ನಂಬರಿನದೇ ಬೇಕು ಎನ್ನುತ್ತಾರೆ, ಭುಜ ಊದಿಸಿಕೊಳ್ಳುತ್ತಾರೆ. ನೀನು ಇಪ್ಪತ್ತನೆಯದು ತೆಗೆದುಕೋ, ನಂಬರು ಹೆಚ್ಚಾದಷ್ಟೂ ನಳಿಕೆ ಸಣ್ಣ, ಒದೆ ಕಡಿಮೆ. ಭುಜಕ್ಕೊರಗುವ ಮರದ ಹಿಡಿ ಉದ್ದವಾದರೆ ಕೊಯ್ಯಿಸು. ಕೈ ಚಾಚಿ ಹಿಡಿಯುವಂತಿದ್ದರೆ ಅದು ನಿನ್ನ ಅಳತೆಯದಲ್ಲ, ಪರರ ಅಂಗಿ ತೊಟ್ಟ ಹಾಗೆ.

ರೈಫಲಿಗೆ ಅವಸರವಿಲ್ಲ. ಒಂದೊಂದೇ ಗುಂಡು ತುಂಬುವ ಸಾದಾ ರೈಫಲ್ ಇದೆ, ನಡು ಮುರಿದು ತೆರೆಯುವಂಥದ್ದು. ಬಡವರ ರೈಫಲ್ ಅನ್ನುತ್ತಾರೆ. ಒಂದೇ ಗುಂಡು ಎಂದು ಗೊತ್ತಿದ್ದವರು ಸರಿಯಾಗಿ ಗುರಿ ಇಡುತ್ತಾರೆ. ಜಿಂಕೆ ಕಾಲ ಶುರುವಾಗುವ ಮೊದಲು ನೋಡಿದರಾಯಿತು.

ಕಿವಿಗೆ ಮುಚ್ಚಳ ಹಾಕದೆ ಒಂದು ಗುಂಡೂ ಹಾರಿಸಬೇಡ. ಮನೆತನದಲ್ಲಿ ಒಬ್ಬ ಕಿವುಡ ಸಾಕು.

ಆದರೆ ಹೋಬರ್ಟನ ಬಂದೂಕುಗಳನ್ನು ಮಾರಿದ್ದು ನನಗೆ ಸೋಜಿಗ. ಕೈ ಅಷ್ಟು ಬಿಗಿಯಾಗಿತ್ತೇ? ನನಗೊಂದು ಮಾತು ಹೇಳಬಾರದಿತ್ತೇ?

ವೆಂಡೆಲ್ ಚೆನ್ನಾಗಿದ್ದಾನೆ ಎಂದು ಓದಿ ಸಮಾಧಾನವಾಯಿತು. ಇತ್ತೀಚೆಗೆ ನನಗೂ ಮನೆಗೆಲಸ ಹೆಚ್ಚು, ನಿದ್ದೆ ಕಡಿಮೆ. ಅದಕ್ಕೇ ಕಾಗದ ತಡವಾಯಿತು.

ನಿನ್ನ
ಡೆಲ್ಮಸ್


ಲಿಕ್ ಫೋರ್ಕ್
ಸೆಪ್ಟೆಂಬರ್ 17, 2006

ಪ್ರೀತಿಯ ಡೆಲ್ಮಸ್,

ಶನಿವಾರ ಹ್ಯಾಸ್ಕಲ್‌ನ ಅಂಗಡಿಗೆ ಹೋದೆ. ಮುಂದೆ ಮೀನಿನ ಗಾಳ, ನಡುವೆ ಸೈಕಲ್ ರಿಪೇರಿ, ಹಿಂದೆ ಬಂದೂಕು. ಹೋಬರ್ಟನ ಜೊತೆ ಬೇಟೆಗೆ ಹೋಗುತ್ತಿದ್ದವನು, ನಿನಗೆ ನೆನಪಿರಬೇಕು. ಗುಲಾಬಿ ಹಿಡಿಯ ಪುಟ್ಟ ಪಿಸ್ತೂಲನ್ನು ಮುಂದಿಟ್ಟ.

"ಹೆಂಗಸರಿಗೆ ಇದೇ ಒಪ್ಪೋದು ರೀವಾ. ಪರ್ಸಲ್ಲೇ ಇಟ್ಕೋಬಹುದು."

"ಹ್ಯಾಸ್ಕಲ್, ನನ್ನ ಪರ್ಸಲ್ಲಿ ಕನ್ನಡಕ ಇಟ್ಟರೇ ಸಿಗಲ್ಲ. ಕಳ್ಳನ್ನ ನಿಲ್ಲಿಸಿ ಹುಡುಕ್ತಾ ಕೂರ್ಲಾ?"

ನೀನು ಬರೆದಂತೆ ಇಪ್ಪತ್ತನೇ ನಂಬರಿನ ಪಂಪು ಕೋವಿ ಕೇಳಿದೆ. ಹುಬ್ಬೇರಿಸಿದ. ಯಾರೋ ಹುಡುಗನಿಗೆ ಕೊಡಿಸಿದ್ದು, ಹುಡುಗ ಬೆಳೆದ ಮೇಲೆ ವಾಪಸು ಬಂದದ್ದು ಒಂದಿತ್ತು. ಮರದ ಮೇಲೆ ಗೀರುಗಳು, ನಳಿಕೆ ಮಾತ್ರ ಶುಭ್ರ. ಭುಜಕ್ಕಿಟ್ಟು ನೋಡಿದೆ, ಸರಿಹೋಯಿತು. ಕೊಯ್ಯಿಸುವ ಕೆಲಸವೂ ಉಳಿಯಿತು.

ಕಾಗದಪತ್ರ ಮುಗಿಯುವಾಗ ಹ್ಯಾಸ್ಕಲ್ ಮೆಲ್ಲಗೆ ಕೇಳಿದ: "ಯಾರ ಭಯ ರೀವಾ? ಹೇಳು, ನಾವೆಲ್ಲ ಇದೀವಿ."

"ಕರಡಿ," ಅಂದೆ.

ಅವನು ನಗಲಿಲ್ಲ. ಅವನಿಗೆ ಏನು ಗೊತ್ತಿದೆಯೋ ನನಗೆ ಗೊತ್ತಿಲ್ಲ. ಚಿಕ್ಕ ಊರು.

ಇವತ್ತು ಭಾನುವಾರ, ಪ್ರಾರ್ಥನೆ ಮುಗಿಸಿ ಓಲೀಟಾ ಜೊತೆಗೆ ಬಂದಳು. ಎಂಬತ್ತು ದಾಟಿದ ಹೆಂಗಸು, ಚರ್ಚಿನ ಹ್ಯಾಟನ್ನೂ ತೆಗೆಯದೆ ನನಗೆ ಕಲಿಸಲು ನಿಂತಳು. ಬೇಲಿಯ ಮೇಲೆ ಅಡುಗೆ ಕೊಬ್ಬಿನ ಖಾಲಿ ಡಬ್ಬಿ ಇಟ್ಟೆವು. ಮೊದಲ ಗುಂಡಿಗೆ ಡಬ್ಬಿ ಹಾರಿಹೋಯಿತು.

"ಭಲೇ! ಕಳ್ಳ ಸತ್ತ!" ಎಂದು ಓಲೀಟಾ ಚಪ್ಪಾಳೆ ತಟ್ಟಿದಳು.

ನನಗೆ ಅಳು ಬಂತು ಡೆಲ್ಮಸ್. ಹೊಗೆ ಕಣ್ಣಿಗೆ ಹೋಯಿತು ಎಂದೆ. ಈಗಿನ ತೋಟಾಗಳಲ್ಲಿ ಅಂಥ ಹೊಗೆ ಬರುವುದಿಲ್ಲ ಎಂದು ಅವಳಿಗೆ ಗೊತ್ತು. ಡಬ್ಬಿ ಎತ್ತಿ ತಂದು ಮತ್ತೆ ಬೇಲಿಯ ಮೇಲಿಟ್ಟಳು. ಮನೆಗೆ ಬಂದು ಮೆಕ್ಕೆಜೋಳದ ರೊಟ್ಟಿ, ಬೀನ್ಸು ತಿಂದು ಹೋದಳು.

ಕೋವಿ ಚೆನ್ನಾಗಿದೆ. ನಿನಗೆ ಋಣಿ.

ರೀವಾ


ಏಕ್ರನ್
ಅಕ್ಟೋಬರ್ 2, 2006

ಪ್ರೀತಿಯ ರೀವಾ,

ಮೊದಲ ಗುಂಡಿಗೇ ಡಬ್ಬಿ ಹಾರಿಸಿದವಳಿಗೆ ನಾನೇನು ಹೇಳಲಿ? ಅಳು ಬಂದದ್ದಕ್ಕೆ ನಾಚಬೇಡ. ಸೈನ್ಯದಲ್ಲಿ ನನ್ನ ಪಕ್ಕ ಮಲಗಿ ಗುರಿ ಹಿಡಿದ ಎಷ್ಟೋ ಗಂಡಸರು ಅತ್ತಿದ್ದಾರೆ.

ಕೋವಿ ಕೊಂಡದ್ದು ಅರ್ಧ ಕೆಲಸ. ಉಳಿದರ್ಧ ಹೇಳುತ್ತೇನೆ. ಹಗಲು ತೋಟಾ ತೆಗೆದಿಡು. ಬೆರಳನ್ನು ಟ್ರಿಗರಿನ ಮೇಲಲ್ಲ, ಪಕ್ಕದಲ್ಲಿಡುವುದನ್ನು ರೂಢಿ ಮಾಡಿಕೋ. ಸದ್ದು ಕೇಳಿಸಿತೆಂದು ಸದ್ದಿನ ಕಡೆ ಎಂದೂ ಸುಡಬೇಡ. ಮೊದಲು ದೀಪ ಹಾಕು, ಕೂಗು, ಎದುರಿಗಿರುವವನ ಮುಖ ನೋಡು. ಮುಖ ಕಂಡ ಮೇಲೆ ಸುಡಲಾರೆ ಅನ್ನಿಸಿದರೆ ಅದೇ ಸರಿ. ಗರಗಸ ಹೋದರೆ ಹೋಗಲಿ.

ರೈಫಲಿನ ವಿಷಯ: ಹ್ಯಾಸ್ಕಲ್ ದುರ್ಬೀನು ಸೇರಿಸಿ ಮಾರಲು ನೋಡುತ್ತಾನೆ. ನಿಮ್ಮ ಕಾಡಿನಲ್ಲಿ ಜಿಂಕೆ ಕಾಣುವುದೇ ಎಂಟು ಹತ್ತು ಮರಗಳಾಚೆ. ಬೇಡ ಅನ್ನು.

ಹೋಬರ್ಟನ ಬಂದೂಕುಗಳ ಬಗ್ಗೆ ಕೇಳಿದ್ದಕ್ಕೆ ನೀನು ಉತ್ತರಿಸಲಿಲ್ಲ. ಇನ್ನು ಕೇಳುವುದಿಲ್ಲ. ಯಾವುದಾದರೂ ವಿಷಯಕ್ಕೆ ನಾನು ನಿನ್ನ ಮೇಲೆ ಕೋಪಿಸಿಕೊಳ್ಳುತ್ತೇನೆ ಎಂದು ನೀನು ಮುಚ್ಚಿಟ್ಟಿದ್ದರೆ, ಕೋಪವಿಲ್ಲ. ಈ ಮನೆಯಲ್ಲಿ ಯಾರ ಮೇಲೂ ಯಾರಿಗೂ ಕೋಪವಿಲ್ಲ. ಇಷ್ಟು ತಿಳಿದಿರಲಿ.

ಡೆಲ್ಮಸ್


ಲಿಕ್ ಫೋರ್ಕ್
ನವೆಂಬರ್ 15, 2006

ಡೆಲ್ಮಸ್,

ನಿನ್ನ ಪತ್ರವೂ ಬಂತು, ಆಮೇಲೆ ಹಾಕಿದ ಕಾರ್ಡೂ ಬಂತು. ಬರೆಯಲು ಕೈ ಏಳಲಿಲ್ಲ.

ಮುಖ ನೋಡು ಎಂದು ಬರೆದೆ. ಆ ಮಾತು ಬರೆಯದಿದ್ದರೆ ಚೆನ್ನಾಗಿತ್ತು. ಅದಾದ ಮೇಲೆ ನನಗೆ ಕೋವಿ ಮುಟ್ಟಿದರೆ ಬೇರೇನೂ ಕಾಣುವುದಿಲ್ಲ.

ಹೋದ ವಾರ ನಾನು ಶಾಲೆಯಲ್ಲಿದ್ದಾಗ ಮನೆಯೊಳಗೇ ಬಂದಿದ್ದಾರೆ. ಬೀಗ ಒಡೆದಿಲ್ಲ. ಹಿಂದಿನ ಮೆಟ್ಟಿಲ ಕಲ್ಲಿನ ಕೆಳಗಿದ್ದ ಕೀಲಿ ತೆಗೆದು, ಬಾಗಿಲು ತೆರೆದು, ಹಿಟ್ಟಿನ ಡಬ್ಬಿಯಲ್ಲಿಟ್ಟಿದ್ದ ದುಡ್ಡು ಎತ್ತಿಕೊಂಡು, ಮತ್ತೆ ಬೀಗ ಹಾಕಿ ಹೋಗಿದ್ದಾರೆ. ಹಿಟ್ಟಿನ ಡಬ್ಬಿ ಡೆಲ್ಮಸ್! ಹೊರಗಿನವರಿಗೆ ಅದು ಹೇಗೆ ಗೊತ್ತಾಗಬೇಕು? ಶೆರಿಫನ ಆಳು ಬರೆದುಕೊಳ್ಳುತ್ತ ನನ್ನ ಮುಖ ನೋಡಿದ. ನಾನು ಕಿಟಕಿ ನೋಡಿದೆ.

ರೈಫಲ್ ಕೊಂಡೆ, ನೀನು ಹೇಳಿದ್ದೇ. ದುರ್ಬೀನು ಬೇಡ ಎಂದೆ. ಆದರೆ ಕಾಡಿಗೆ ಹೋಗುವ ಮನಸ್ಸು ಉಳಿದಿಲ್ಲ. ಶಾಲೆಯಿಂದ ಬಂದು ಅಡುಗೆಮನೆಯ ಕುರ್ಚಿಯನ್ನು ಬಾಗಿಲಿಗೆ ಎದುರಾಗಿ ಎಳೆದುಕೊಂಡು ಕೂರುತ್ತೇನೆ. ಮಡಿಲಲ್ಲಿ ಕೋವಿ. ಅಲ್ಲೇ ಊಟ, ಅಲ್ಲೇ ತೂಕಡಿಕೆ. ಬರುವವನು ಯಾರೆಂದು ನನಗೆ ಗೊತ್ತು. ಬರದಿರಲಿ ಎಂದು ಬೇಡಿಕೊಳ್ಳುತ್ತೇನೆ.

ಇನ್ನು ಯಾವ ಸಲಹೆಯೂ ಬೇಡ.

ರೀವಾ


ಏಕ್ರನ್
ನವೆಂಬರ್ 20, 2006, ಸೋಮವಾರ

ರೀವಾ,

ನಿನ್ನ ಪತ್ರ ಈಗ, ಮಧ್ಯಾಹ್ನ ಬಂತು. ನಿಂತಲ್ಲೇ ಬರೆಯುತ್ತಿದ್ದೇನೆ.

ಅವನಲ್ಲ. ಕಳ್ಳ ವೆಂಡೆಲ್ ಅಲ್ಲ. ಆಗಸ್ಟ್ ಮೊದಲ ವಾರದಿಂದ ಅವನು ನನ್ನ ಮನೆಯಲ್ಲಿದ್ದಾನೆ, ಅಲ್ಲ, ಇದ್ದ. ನಿನ್ನೆ ಸಂಜೆ ಬಸ್ಸು ಹತ್ತಿದ. ನಿನ್ನಲ್ಲಿಗೇ ಬರುತ್ತಿದ್ದಾನೆ.

ಬಂದಾಗ ಅವನ ಸ್ಥಿತಿ ನೋಡಲಾಗುತ್ತಿರಲಿಲ್ಲ. ಮರದ ಮಿಲ್ಲಿನಲ್ಲಿ ಬೆನ್ನು ಮುರಿದುಕೊಂಡಾಗ ಕೊಟ್ಟ ನೋವಿನ ಮಾತ್ರೆಗಳು ಎಲ್ಲಿಗೆ ತಂದು ನಿಲ್ಲಿಸಿದವು ಎಂದು ಅವನೇ ಹೇಳಿದ. ಅಪ್ಪನ ಬಂದೂಕುಗಳನ್ನು ಮಾರಿದ್ದು ತಾನೇ ಎಂದೂ ಹೇಳಿದ. ಅಂದರೆ ನೀನು ಅವನಿಗಾಗಿ ನನಗೆ ಸುಳ್ಳು ಬರೆದೆ ಎಂದು ಅರ್ಥವಾಯಿತು. ಅಷ್ಟೇ ಅರ್ಥವಾಯಿತು ನನಗೆ, ಕಿವುಡನಿಗೆ. ಆ ಕೋವಿ ಯಾರಿಗೆಂದು ಹೊಳೆಯಲಿಲ್ಲ.

ಮಾತ್ರೆಯ ಕೇಸಿನಲ್ಲಿ ಕೋರ್ಟಿನ ಷರತ್ತಿನ ಮೇಲೆ ಹೊರಗಿದ್ದವನು, ರಾಜ್ಯ ಬಿಡಕೂಡದಿದ್ದರೂ ಬಿಟ್ಟು ಬಂದಿದ್ದ. ಸಿಕ್ಕಿದರೆ ಜೈಲು. "ಅಮ್ಮಂಗೆ ಹೇಳ್ಬೇಡ ಮಾವ. ಶೆರಿಫ್ ಬಂದು ಕೇಳಿದ್ರೆ ಅವಳು ನನಗೋಸ್ಕರ ಸುಳ್ಳು ಹೇಳ್ಬೇಕಾಗುತ್ತೆ. ಎಷ್ಟು ಅಂತ ಹೇಳ್ತಾಳೆ?" ಅಂದ. ಒಪ್ಪಿದೆ. ಈಗ ಮಾತ್ರೆ ಬಿಟ್ಟು ತಿಂಗಳುಗಳಾದವು. ಮೊದಲು ನಿನ್ನನ್ನು ನೋಡಿ, ಆಮೇಲೆ ತಾನಾಗಿಯೇ ಹೋಗಿ ಒಪ್ಪಿಸಿಕೊಳ್ಳುತ್ತೇನೆಂದು ಹೊರಟ.

ಪಕ್ಕದ ಮನೆಯವಳಿಂದ ನಿನಗೆ ಎರಡು ಸಲ ಫೋನು ಮಾಡಿಸಿದೆ. ಯಾರೂ ಎತ್ತಲಿಲ್ಲವಂತೆ. ಯಾಕೆ ಎತ್ತಲಿಲ್ಲ ರೀವಾ?

ಡೆಲ್ಮಸ್


ಲಿಕ್ ಫೋರ್ಕ್
ನವೆಂಬರ್ 21, 2006

ಡೆಲ್ಮಸ್,

ನಿನಗೆ ಇಷ್ಟು ದಿನ ಬರೆಯದಿದ್ದದ್ದನ್ನು ಬರೆಯುತ್ತೇನೆ. ಹೋಬರ್ಟನ ಬಂದೂಕುಗಳನ್ನು ನಾನು ಮಾರಲಿಲ್ಲ. ವೆಂಡೆಲ್ ಮಾರಿದ, ಮಾತ್ರೆಗಾಗಿ. ಅವನಪ್ಪನ ಗಡಿಯಾರವನ್ನೂ ಬಿಡಲಿಲ್ಲ. ಗರಗಸ, ಪಂಪು, ಹಿಟ್ಟಿನ ಡಬ್ಬಿ ಎಲ್ಲ ಅವನದೇ ಕೆಲಸ ಎಂದು ನನಗೆ ಮೊದಲಿಂದ ಗೊತ್ತಿತ್ತು. ಕೋವಿ ಕೊಂಡದ್ದು ನನ್ನ ಮಗನಿಗೆ.

ನಿನ್ನೆ ಜಿಂಕೆ ಬೇಟೆಯ ಮೊದಲ ದಿನ. ಶಾಲೆಗೆ ರಜೆ. ಬೆಳಕು ಹರಿದಾಗಿನಿಂದ ಗುಡ್ಡಗಳ ಮೇಲೆ ಗುಂಡಿನ ಸದ್ದು. ಅಂಗಳದಲ್ಲಿ ಇಬ್ಬನಿ ಹೆಪ್ಪುಗಟ್ಟಿತ್ತು. ಸೌದೆ ಕೊಟ್ಟಿಗೆಯಲ್ಲಿ ಏನೋ ಉರುಳಿತು. ಹಿಂದಿನ ಬಾಗಿಲಿಂದ ಹೊರಗೆ ಬಂದೆ. ಒಬ್ಬ ಗಂಡಸು, ಬೆನ್ನು ನನ್ನ ಕಡೆಗೆ. ಕೋವಿಯ ಹಿಡಿ ಎಳೆದು ತಳ್ಳಿದೆ. ಆ ಸದ್ದಿಗೆ ಅವನು ನಿಂತುಬಿಟ್ಟ.

"ಅಮ್ಮಾ, ಸುಡಬೇಡ. ನಾನು, ವೆಂಡೆಲ್."

ಬೇರೆ ಯಾವ ತಾಯಿಯಾದರೂ ಆ ಮಾತು ಕೇಳಿ ಕೋವಿ ಇಳಿಸುತ್ತಿದ್ದಳು. ನಾನು ಏರಿಸಿದೆ.

"ನೀನೇ ಅಂತ ಗೊತ್ತು. ಕೈಯಲ್ಲಿರೋದನ್ನ ಕೆಳಗೆ ಹಾಕು."

"ಸೌದೆ ಅಮ್ಮ. ನೀನು ಏಳೋದ್ರೊಳಗೆ ಒಲೆ ಹಚ್ಚೋಣ ಅಂತ..."

"ಹಾಕು ಅಂದೆ!"

ಹಾಕಿದ. ಒಂದು ಕೊರಡು ಅವನ ಪಾದದ ಮೇಲೇ ಬಿತ್ತು. ಅಲುಗಲಿಲ್ಲ.

"ಗರಗಸ ಏನ್ ಮಾಡ್ದೆ? ಪಂಪು? ಡಬ್ಬೀಲಿದ್ದ ದುಡ್ಡು?"

"ಯಾವ ಗರಗಸ? ಅಪ್ಪನ ಬಂದೂಕು ತಗೊಂಡೋನು ನಾನೇ, ಅದಕ್ಕೆ ಏನ್ ಬೇಕಾದ್ರೂ ಅನ್ನು. ಇದ್ಯಾವುದೂ ನಂಗೊತ್ತಿಲ್ಲ. ಆಗಸ್ಟಿಂದ ನಾನು ಡೆಲ್ಮಸ್ ಮಾವನ ಮನೇಲಿದ್ದೆ."

"ಸುಳ್ಳು ಬೊಗಳಬೇಡ. ತಿಂಗಳಿಗೊಂದು ಕಾಗದ ಬರೀತಾನೆ. ನಮ್ಮಣ್ಣ ನನಗೆ ಹೇಳ್ದೆ ಇರ್ತಾನಾ?"

ಅವನು ಕೆಳಗೆ ಬಿದ್ದ ಸೌದೆಯ ಕಡೆ ನೋಡಿದ. ಆಮೇಲೆ, "ಒಂದು ಲೋಟ ಕಾಫಿ ಕುಡಿದು ಹೋಗ್ಲಾ?" ಎಂದು ಕೇಳಿದ.

"ಇಲ್ಲ," ಅಂದೆ.

ಕೈಗಳೆರಡನ್ನೂ ನನಗೆ ಕಾಣುವಂತೆ ಅಗಲಿಸಿಕೊಂಡು ರಸ್ತೆಗಿಳಿದ. ತಿರುವಿನಲ್ಲಿ ಮರೆಯಾಗುವವರೆಗೂ ಅವನ ಬೆನ್ನಿಗೆ ಕೋವಿ ಹಿಡಿದೇ ನಿಂತಿದ್ದೆ. ಆಮೇಲೆ ನೋಡಿಕೊಂಡರೆ ನನ್ನ ಬೆರಳು ಪಕ್ಕದಲ್ಲಿರಲಿಲ್ಲ, ಟ್ರಿಗರಿನ ಮೇಲಿತ್ತು. ತೆಗೆಯಲು ಹೋದರೆ ಬರುತ್ತಿಲ್ಲ. ಹಾಗೇ ಓಲೀಟಾಳ ಮನೆಗೆ ನಡೆದೆ. ಅವಳು ಬೆರಳು ಬಿಡಿಸಿ, ತೋಟಾ ತೆಗೆದು, ನನ್ನನ್ನು ಮಲಗಿಸಿದಳು. ನಿನ್ನೆಯೆಲ್ಲ ಅಲ್ಲೇ ಇದ್ದೆ.

ಅವನ ಕೆನ್ನೆ ತುಂಬಿಕೊಂಡಿತ್ತು ಡೆಲ್ಮಸ್. ಕಣ್ಣು ತಿಳಿಯಾಗಿತ್ತು. ಅದನ್ನು ನೋಡಿದೆ. ನೋಡಿಯೂ ನಂಬಲಿಲ್ಲ.

ಅವನು ನಿನ್ನ ಮನೆಯಲ್ಲಿದ್ದನೇ? ಇಲ್ಲ ಎಂದು ಬರೆ. ದಯವಿಟ್ಟು ಇಲ್ಲ ಎಂದು ಬರೆ.

ರೀವಾ


ಲಿಕ್ ಫೋರ್ಕ್
ನವೆಂಬರ್ 24, 2006

ನಿನ್ನ ಪತ್ರ ಇವತ್ತು ಬಂತು.

ಎರಡು ತಿಂಗಳು ನಾನು ಬಾಗಿಲಿಗೆ ಕೋವಿ ಹಿಡಿದು ಕಾದದ್ದು ನಿನ್ನ ಮನೆಯ ಹಾಸಿಗೆಯಲ್ಲಿ ಮಲಗಿದ್ದವನಿಗಾಗಿ. ಯಾವ ನಂಬರಿನ ಕೋವಿ ಎಂದು ಬರೆದೆ. ಹಿಡಿಯ ಅಳತೆ ಬರೆದೆ. ಇದೊಂದು ಸಾಲು ಬರೆಯಲಾಗಲಿಲ್ಲವೇ?

ಅವನು ಇಲ್ಲಿಂದ ನೇರ ಊರಿಗೆ ನಡೆದುಹೋಗಿ ಶೆರಿಫನಿಗೆ ಒಪ್ಪಿಸಿಕೊಂಡಿದ್ದಾನೆ. ಹ್ಯಾಸ್ಕಲ್ ಬಂದು ಹೇಳಿದ. ನಿನ್ನೆ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟ ಅವನಿಗೆ ಜೈಲಿನಲ್ಲಾಯಿತು, ನನಗೆ ಆಗಲಿಲ್ಲ.

ಸದ್ಯಕ್ಕೆ ನನಗೆ ಬರೆಯಬೇಡ.


ಏಕ್ರನ್
ಡಿಸೆಂಬರ್ 4, 2006

ರೀವಾ,

ಬರೆಯಬೇಡ ಎಂದೆ. ಇದೊಂದನ್ನು ಬರೆದು ಸುಮ್ಮನಾಗುತ್ತೇನೆ. ಓದದಿದ್ದರೂ ಸರಿ.

ನೀನು ಬಯ್ದದ್ದು ನ್ಯಾಯ. ಆದರೆ ನನ್ನ ಮಾತೂ ಇದೆ. "ವೆಂಡೆಲ್ ಕೆಲಸ ಹುಡುಕಿಕೊಂಡು ಹೋಗಿದ್ದಾನೆ, ಚೆನ್ನಾಗಿದ್ದಾನೆ" ಎಂದು ಮೊದಲ ಕಾಗದದಲ್ಲೇ ಬರೆದವಳು ನೀನು. ಅದನ್ನು ಓದುವಾಗ ಅವನು ಪಕ್ಕದ ಕೋಣೆಯಲ್ಲಿ ಬೆವರಿ ನಡುಗುತ್ತ ಗೋಡೆಗೆ ಒದೆಯುತ್ತಿದ್ದ. ನನಗೆ ಕೇಳಿಸುತ್ತಿರಲಿಲ್ಲ, ನೆಲ ಅದುರುವುದು ಕಾಲಿಗೆ ಗೊತ್ತಾಗುತ್ತಿತ್ತು. ತಾಯಿಗೇ ಏನೂ ಗೊತ್ತಿಲ್ಲ, ಗೊತ್ತಿಲ್ಲದೆ ನೆಮ್ಮದಿಯಾಗಿದ್ದಾಳೆ ಎಂದುಕೊಂಡೆ. ಆ ನೆಮ್ಮದಿ ಕೆಡಿಸುವುದು ಯಾಕೆ ಎಂದುಕೊಂಡೆ. ಕಳ್ಳನ ಭಯ ಎಂದರೆ ಕಳ್ಳನ ಭಯ ಎಂದೇ ನಂಬಿದೆ. ಮಗನ ಭಯ ಎಂದಿದ್ದರೆ ಅಂದೇ ಬಸ್ಸು ಹತ್ತಿ ಬರುತ್ತಿದ್ದೆ.

ನಮ್ಮ ಅಮ್ಮನೂ ಹೀಗೇ. ಊರಿಗೆಲ್ಲ ಕೇಳುವಂತೆ ಹಾಡುವವಳು, ಮನೆಯ ಸಂಕಟಕ್ಕೆ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ನಾವಿಬ್ಬರೂ ಅವಳ ಮಕ್ಕಳೇ.

ಬಂದೂಕಿನ ವಿಷಯ ಎಷ್ಟು ಚೆನ್ನಾಗಿ ಬರೆದೆ ನೋಡು ನಾನು. ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿದೆ ಎಂಬ ಖುಷಿ ಅದು. ಈ ವಯಸ್ಸಿನಲ್ಲಿ ನನ್ನನ್ನು ಯಾರೂ ಏನೂ ಕೇಳುವುದಿಲ್ಲ.

ಅವನ ಮೇಲೆ ಕೋಪವಿದ್ದರೆ ಅದನ್ನೂ ನನ್ನ ಮೇಲೇ ಹಾಕು. ಅವನನ್ನು ಹೋಗಿ ನೋಡು.

ಡೆಲ್ಮಸ್


ಲಿಕ್ ಫೋರ್ಕ್
ಫೆಬ್ರವರಿ 18, 2007

ಪ್ರೀತಿಯ ಡೆಲ್ಮಸ್,

ಇಷ್ಟು ದಿನ ಬರೆಯಲಿಲ್ಲ. ಮೊದಮೊದಲು ಸಿಟ್ಟು, ಆಮೇಲೆ ನಾಚಿಕೆ, ಆಮೇಲೆ ಬರೀ ಆಯಾಸ.

ಕಳ್ಳರು ಸಿಕ್ಕಿದರು. ಮೇಲಿನ ತಿರುವಿನಲ್ಲಿ ಬಾಡಿಗೆಗಿದ್ದ ಗಂಡ ಹೆಂಡತಿ. ಬೇಸಿಗೆಯಲ್ಲಿ ನಾನು ಎರಡು ದಿನ ನಮ್ಮ ಅತ್ತೆಯ ಕಡೆಯವರ ಮದುವೆಗೆ ಹೋದಾಗ ಕೋಳಿಗಳಿಗೆ ಕಾಳು ಹಾಕಲು ಅವಳಿಗೇ ಕೀಲಿಯ ಜಾಗ ತೋರಿಸಿದ್ದೆ. ನನ್ನ ಅಡುಗೆಮನೆಯಲ್ಲಿ ಕೂತು ಸೇಬಿನ ಸಿಹಿ ತಿಂದಿದ್ದಳು. ನಾನು ಹಿಟ್ಟಿನ ಡಬ್ಬಿಗೆ ಕೈ ಹಾಕಿ ಅವಳಿಗೆ ಕೂಲಿ ಕೊಟ್ಟಿದ್ದೆ. ಅದೆಲ್ಲ ನೆನಪಿಗೇ ಬರಲಿಲ್ಲ. ಮಗನ ಹೆಸರು ಮನಸ್ಸಿಗೆ ಬಂದ ಮೇಲೆ ಬೇರೆ ಹೆಸರು ಹುಡುಕಲೇ ಇಲ್ಲ.

ಜೈಲಿಗೆ ಹೋದೆ. ಗಾಜಿನಾಚೆ ಅವನು, ಈಚೆ ನಾನು, ನಡುವೆ ಫೋನು. ಏನೇನೋ ಹೇಳಬೇಕೆಂದು ಹೋಗಿದ್ದೆ. "ಕಾಲು ನೋವಿದೆಯಾ?" ಎಂದು ಕೇಳಿದೆ. ಕೊರಡು ಬಿದ್ದ ಕಾಲು.

"ಉಗುರು ಹೋಯ್ತು. ಹೊಸದು ಬರ್ತಿದೆ," ಅಂದ.

ತಾನಾಗಿ ಬಂದು ಒಪ್ಪಿಸಿಕೊಂಡದ್ದಕ್ಕೆ ನ್ಯಾಯಾಧೀಶರು ಹೆಚ್ಚು ಶಿಕ್ಷೆ ಕೊಡಲಿಲ್ಲ. ಜನವರಿ ಕೊನೆಯಲ್ಲಿ ಬಿಟ್ಟರು. ಉಳಿದ ಅವಧಿ ತಾಯಿಯ ಮನೆಯಲ್ಲಿ ಕಳೆಯಬಹುದು, ಮಾತ್ರೆ ಮುಟ್ಟಿಲ್ಲವೆಂದು ತೋರಿಸಲು ವಾರವಾರ ಪರೀಕ್ಷೆಗೆ ಹೋಗಬೇಕು, ಮನೆಯಲ್ಲಿ ಒಂದು ಬಂದೂಕಾಗಲಿ ಒಂದು ತೋಟಾ ಆಗಲಿ ಇರಕೂಡದು. "ಒಪ್ಪಿಗೆಯೇ?" ಎಂದು ನನ್ನನ್ನು ಕೇಳಿದರು. ತಕ್ಷಣ ಹೂಂ ಅಂದೆ ಎಂದು ನಿನಗೆ ಬರೆಯಬಹುದಿತ್ತು. ಅನ್ನಲಿಲ್ಲ. ಆ ಕೋವಿ ಪಕ್ಕದಲ್ಲಿಲ್ಲದೆ ಆ ಮನೆಯಲ್ಲಿ ಹೇಗೆ ಮಲಗಲಿ ಎಂಬುದೇ ಮೊದಲು ಬಂದ ಯೋಚನೆ. ಅವನು ತಲೆ ತಗ್ಗಿಸಿ ನಿಂತಿದ್ದ, ನಾನು ತಡಮಾಡಿದ್ದು ಅವನಿಗೆ ತಿಳಿಯಿತು. ಆಮೇಲೆ ಹೂಂ ಅಂದೆ.

ಎರಡನ್ನೂ ಹ್ಯಾಸ್ಕಲ್‌ಗೆ ವಾಪಸು ಕೊಟ್ಟೆ. ಕೊಟ್ಟ ಬೆಲೆ ಬರಲಿಲ್ಲ, ಬರುವುದೂ ಇಲ್ಲ. ಕೋವಿಯನ್ನು ತಿರುಗಿಸಿ ನೋಡಿ, "ಹೆಚ್ಚು ಬಳಸೇ ಇಲ್ವಲ್ಲ ರೀವಾ," ಅಂದ.

"ಬಳಸಿದೀನಿ," ಅಂದೆ.

ವೆಂಡೆಲ್ ಮನೆಗೆ ಬಂದ. ಬೆಳಿಗ್ಗೆ ಟೈರು ಅಂಗಡಿಯಲ್ಲಿ ಕೆಲಸ. ಮಾವನ ಟೈರು ಅಲ್ಲೂ ಅವನನ್ನು ಬಿಟ್ಟಿಲ್ಲ ನೋಡು. ಸಂಜೆ ಬಂದು ಪಾತ್ರೆ ತೊಳೆಯುತ್ತಾನೆ. ಮಾತು ಕಡಿಮೆ. ಅವನು ನಡೆದಾಡಿದರೆ ನನ್ನ ಕಿವಿ ನಿಮಿರುತ್ತದೆ, ಅದು ಅವನಿಗೆ ಗೊತ್ತು. ಅದಕ್ಕೇ ಹೆಜ್ಜೆ ಸಪ್ಪಳ ಮಾಡಿಕೊಂಡೇ ನಡೆಯುತ್ತಾನೆ.

ಹೋದ ಶನಿವಾರ ಅವನು ಹೊರಗೆ ಹೋಗಿದ್ದಾಗ ಊರಿಂದ ಒಂದು ಕಬ್ಬಿಣದ ಚಿಲಕ ತಂದು ನನ್ನ ಮಲಗುವ ಕೋಣೆಯ ಬಾಗಿಲಿಗೆ, ಒಳಗಡೆಯಿಂದ, ಜೋಡಿಸುತ್ತ ಕೂತೆ. ಸ್ಕ್ರೂ ಹಿಡಿದು ನಿಲ್ಲುತ್ತಿಲ್ಲ. ಕೈ ನೋಯುತ್ತಿದೆ. ಹಿಂದೆ ನೆರಳು ಬಿತ್ತು.

"ಏನ್ ಮಾಡ್ತಿದೀಯ ಅಮ್ಮ?"

ಸುಳ್ಳು ಹೇಳಬಹುದಿತ್ತು. ಗಾಳಿಗೆ ಬಾಗಿಲು ಬಡಿಯುತ್ತೆ ಅನ್ನಬಹುದಿತ್ತು. "ಚಿಲಕ ಹಾಕ್ತಿದೀನಿ," ಅಂದೆ.

ಹತ್ತಿರ ಬಂದ. ಬಾಗಿಲ ಚೌಕಟ್ಟನ್ನು ಬೆರಳಿಂದ ತಟ್ಟಿ ನೋಡಿದ.

"ಈ ಮರ ಟೊಳ್ಳು. ಇಷ್ಟು ಗಿಡ್ಡ ಸ್ಕ್ರೂ ನಿಲ್ಲಲ್ಲ. ಯಾರಾದ್ರೂ ಒಂದ್ಸಲ ಒದ್ರೆ ಕಿತ್ತು ಬರುತ್ತೆ."

ಹೊರಗೆ ಹೋಗಿ ಉದ್ದನೆಯ ಸ್ಕ್ರೂಗಳನ್ನು ತಂದ. ಹಳೆಯ ತೂತಿಗೆ ಮರದ ಚಕ್ಕೆ ತುಂಬಿ, ಚಿಲಕವನ್ನು ಒಂದು ಗೇಣು ಮೇಲಕ್ಕೆ ಸರಿಸಿ, ಗಟ್ಟಿಮರ ಇರುವಲ್ಲಿ ಕೂರಿಸಿದ. ನಾನು ಮಂಚದ ಮೇಲೆ ಕೂತು ನೋಡುತ್ತಿದ್ದೆ. ಮುಗಿದ ಮೇಲೆ ತಾನು ಹೊರಗೆ ನಿಂತ.

"ಈಗ ಹಾಕ್ಕೋ. ನಾನು ಆಚೆಯಿಂದ ತಳ್ತೀನಿ."

ಹಾಕಿದೆ. ಭುಜ ಕೊಟ್ಟು ತಳ್ಳಿದ. ಮತ್ತೆ, ಇನ್ನೂ ಜೋರಾಗಿ, ಓಡಿಬಂದು. ಬಾಗಿಲು ಅದುರಿತು, ಚಿಲಕ ಮಿಸುಕಲಿಲ್ಲ.

"ಗಟ್ಟಿಯಾಗಿದೆ ಅಮ್ಮ," ಎಂದು ಆಚೆಯಿಂದ ಅಂದ. ಉಸಿರು ಕಟ್ಟಿತ್ತು. ತಳ್ಳಿದ್ದಕ್ಕೋ ಬೇರೆಯದಕ್ಕೋ ತಿಳಿಯಲಿಲ್ಲ. "ಇನ್ನು ಮಲಕ್ಕೋ."

ಚಿಲಕ ಹಾಕದೆ ಮಲಗಿದೆ ಎಂದು ನಿನಗೆ ಬರೆಯಬೇಕೆಂದು ಆಸೆಯಿತ್ತು. ಹಾಕಿಯೇ ಮಲಗಿದೆ. ಆದರೆ ನಿದ್ದೆ ಬಂತು ಡೆಲ್ಮಸ್. ಬೆಳಗಾಗುವವರೆಗೂ ಎಚ್ಚರವಾಗಲಿಲ್ಲ.

ನಿನ್ನ ತಂಗಿ,
ರೀವಾ